ಹಗಲಿನ ಲೆಕ್ಕ ಬಲ್ಲ ಬಳ್ಳಿಗಳು

ಒಂದು ಕಿಲೋ ತರಕಾರಿಗೆ ಒಂದು ಲಕ್ಷ ರೂಪಾಯಿ! 2021ರ ಮಾರ್ಚ್ ತಿಂಗಳ ಕೊನೆಯಲ್ಲಿ ಈ ಸುದ್ದಿ ದೇಶವನ್ನೆಲ್ಲ ಸುತ್ತಿತು. ಬಿಹಾರದ ಔರಂಗಾಬಾದ್ ಜಿಲ್ಲೆಯ ರೈತರೊಬ್ಬರು ‘ಹಾಪ್’ ಎಂಬ ಬಳ್ಳಿಯ ಎಳೆಗುಡಿ ಬೆಳೆಯುತ್ತಿದ್ದಾರೆ, ಜಗತ್ತಿನ ಅತಿ ದುಬಾರಿ ತರಕಾರಿ ಅದೇ ಎಂಬ ಒಕ್ಕಣೆ ಫೋನಿನಿಂದ ಫೋನಿಗೆ ಹಾರಿತು. ಹಿರಿಯ ಅಧಿಕಾರಿಯೊಬ್ಬರೂ ಅದನ್ನು ಮೆಚ್ಚಿ ಹಂಚಿಕೊಂಡರು. ಕೆಲವು ದಿನಗಳಲ್ಲಿ ಪತ್ರಿಕೆಯವರು ಆ ಊರಿಗೇ ಹೋಗಿ ವಿಚಾರಿಸಿದರು. ಅಲ್ಲಿ ಅಂತಹ ಬೆಳೆಯೇ ಇರಲಿಲ್ಲ.

ಇಂಥ ಸುದ್ದಿಗೆ ಮೊದಲು ಕಿವಿ ನಿಮಿರುವುದು ಮಳೆ ಕೈಕೊಡುವ ಸೀಮೆಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂಥ ಸೀಮೆ. ತುಮಕೂರು ಜಿಲ್ಲೆಯವೇ ಆದರೂ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಒಂದು ಸಾಲು, ಮಧುಗಿರಿ ಇನ್ನೊಂದು ಸಾಲು. ವರ್ಷಕ್ಕೆ ಸುಮಾರು 500ರಿಂದ 700 ಮಿಲಿಮೀಟರ್ ಮಳೆ, ಅದೂ ಬಂದರೆ. ಕೆಂಪು ಮಣ್ಣು, ಅಲ್ಲಲ್ಲಿ ಎದ್ದು ನಿಂತ ಬಂಡೆ, ಕಡಲೆಕಾಯಿ ಹೊಲ, ಹುಣಸೆಮರ. ಕಡಲೆಕಾಯಿ ಕೈಗೆ ಹತ್ತದ ವರ್ಷ ಯಾರಾದರೂ ಹೊಸ ಬೆಳೆಯ ಹೆಸರು ಹೇಳಿದರೆ ಆಸೆ ಹುಟ್ಟುವುದು ತಪ್ಪೇನಲ್ಲ. 2003ರ ಸುಮಾರಿಗೆ ಮುಗಿಲಿಗೇರಿದ ವೆನಿಲಾ ಬೆಲೆ ಮುಂದಿನ ವರ್ಷಗಳಲ್ಲಿ ನೆಲಕಚ್ಚಿದ ಕತೆ ಮಲೆನಾಡಿನವರಿಗೆ ಗೊತ್ತು. ಅದೂ ಬಳ್ಳಿಯೇ.

ಹಾಗಾದರೆ ಹಾಪ್ ಬಳ್ಳಿ ಮಧುಗಿರಿಯ ಹಿತ್ತಲಿನಲ್ಲಿ ಬೆಳೆದೀತೇ? ಮಕ್ಕಳು ಕೇಳಬಹುದಾದ ಪ್ರಶ್ನೆ. ಉತ್ತರ ಹಿತ್ತಲಲ್ಲೇ ಇದೆ.

ಮಧುಗಿರಿ ಎಂದರೆ ಜೇನಿನ ಬೆಟ್ಟ. 3,900 ಅಡಿಗೂ ಮಿಗಿಲಾದ ಆ ಏಕಶಿಲೆಯ ಮೇಲಿನ ಕೋಟೆ ನೋಡಲು ಬರುವವರು ಬೆಟ್ಟ ಹತ್ತಿ ಇಳಿದು, ಬಸ್ಸು ಹಿಡಿದು ಹೊರಟುಬಿಡುತ್ತಾರೆ. ಸುತ್ತಲಿನ ಹಳ್ಳಿಗಳ ಮನೆಗಳ ಹಿಂದುಗಡೆ ಕಣ್ಣು ಹಾಯಿಸುವವರು ಕಡಿಮೆ. ಬೇಸಿಗೆಯಲ್ಲಿ ಊರಿಗೆ ಊರೇ ಕಂದುಬಣ್ಣಕ್ಕೆ ತಿರುಗಿದಾಗಲೂ ಬಚ್ಚಲುಮನೆಯ ನೀರು ಹೊರಬೀಳುವ ಜಾಗದಲ್ಲಿ ಒಂದು ಚೌಕ ಹಸಿರು ಉಳಿದಿರುತ್ತದೆ. ನಾಲ್ಕು ಕಂಬ, ಮೇಲೆ ಒಂದಿಷ್ಟು ಜಾಲಿ ಕೊಂಬೆ, ಕತ್ತಾಳೆ ನಾರಿನ ಹಗ್ಗದ ಬದಲು ಈಗ ಪ್ಲಾಸ್ಟಿಕ್ ಹಗ್ಗ ಅಥವಾ ಹಳೆಯ ತಂತಿ. ಅದರ ಮೇಲೆ ಹೀರೆ, ಸೋರೆ, ಪಡವಲ. ಪಕ್ಕದ ತಿಪ್ಪೆಯ ಮೇಲೆ ಯಾರೂ ಬಿತ್ತದೆ ಹುಟ್ಟಿದ ಕುಂಬಳ. ಚಪ್ಪರದ ರಾಣಿ ಮಾತ್ರ ಚಪ್ಪರದವರೆಯೇ. ಹೆಸರಿನಲ್ಲೇ ಚಪ್ಪರ ಕಟ್ಟಿಕೊಂಡು ಹುಟ್ಟಿದ ಗಿಡ ಅದು.

ಅವರೆಯ ಎಳೆಗುಡಿಯನ್ನು ಗಮನಿಸಿ. ಆಸರೆ ಸಿಗುವವರೆಗೆ ಅದು ಗಾಳಿಯಲ್ಲಿ ಸುಮ್ಮನೆ ನಿಂತಿರುವುದಿಲ್ಲ, ಕುರುಡರು ಕೋಲಿನಿಂದ ತಡಕಾಡಿದಂತೆ ವೃತ್ತಾಕಾರವಾಗಿ ಸುತ್ತುತ್ತದೆ. ಭಾನುವಾರ ಬೆಳಿಗ್ಗೆ ಕುಡಿಯ ತುದಿಗೆ ಬಣ್ಣದ ದಾರ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಅರ್ಧ ಗಂಟೆಗೊಮ್ಮೆ ತುದಿ ಎತ್ತ ತಿರುಗಿದೆ ಎಂದು ಗುರುತು ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಸುತ್ತು ಮುಗಿದಿರುವುದು ಕಾಣಬಹುದು. ಖರ್ಚಿಲ್ಲದ ಪ್ರಯೋಗ.

ಈ ಪ್ರಯೋಗವನ್ನು ಬಹಳ ಹಿಂದೆಯೇ ಹಾಸಿಗೆ ಹಿಡಿದವರೊಬ್ಬರು ಮಾಡಿದ್ದರು. ಚಾರ್ಲ್ಸ್ ಡಾರ್ವಿನ್ ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದೆ ಇದ್ದಾಗ ಕುಂಡದಲ್ಲಿ ಒಂದು ಬಳ್ಳಿ ಇಟ್ಟುಕೊಂಡು ಹಗಲೂ ರಾತ್ರಿ ಅದರ ಕುಡಿ ಸುತ್ತುವುದನ್ನು ಅಳೆದರು. ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ. ಹಬ್ಬುವ ಸಸ್ಯಗಳ ಬಗ್ಗೆ 1865ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ ಇದು ದಾಖಲಾಗಿದೆ. ಆ ಬಳ್ಳಿ ಯಾವುದು ಗೊತ್ತೆ? ಹಾಪ್! ಡಾರ್ವಿನ್ ಮನೆಯಿದ್ದ ಕೆಂಟ್ ಸೀಮೆ ಇಂಗ್ಲೆಂಡಿನಲ್ಲಿ ಹಾಪ್ ತೋಟಗಳಿಗೆ ಹೆಸರಾದದ್ದು.

ಇನ್ನೊಂದು ಸೋಜಿಗ. ಹಾಪ್ ಬಳ್ಳಿ ಕಂಬವನ್ನು ಸುತ್ತುವುದು ಪ್ರದಕ್ಷಿಣೆಯಾಗಿ, ದೇವಸ್ಥಾನದಲ್ಲಿ ಭಕ್ತರು ಸುತ್ತುವಂತೆ. ಹುರುಳಿಕಾಯಿ ಬಳ್ಳಿಯದು ಅಪ್ರದಕ್ಷಿಣೆ. ಸುತ್ತುಬಳ್ಳಿಗಳಲ್ಲಿ ಹೆಚ್ಚಿನವು ಹುರುಳಿಕಾಯಿಯ ಪಕ್ಷವೇ. ಅದರ ನೆಂಟನಾದ ಅವರೆ ಯಾರ ಪಕ್ಷ ಎಂಬುದನ್ನು ಮಕ್ಕಳೇ ಚಪ್ಪರದ ಕಂಬದ ಬಳಿ ನಿಂತು ಹೇಳಲಿ. ಬಳ್ಳಿಯನ್ನು ಬಿಡಿಸಿ ಎದುರು ದಿಕ್ಕಿಗೆ ಸುತ್ತಿ ಕಟ್ಟಿ ನೋಡಬಹುದು. ಹೊಸದಾಗಿ ಚಿಗುರಿದ ಕುಡಿ ಮತ್ತೆ ತನ್ನ ದಾರಿಯನ್ನೇ ಹಿಡಿಯುತ್ತದೆ.

ಹಾಪ್ ಬೆಳೆಯುವುದು ಅದರ ಹೆಣ್ಣು ಹೂಗೊಂಚಲಿಗಾಗಿ. ಪದರು ಪದರಾದ ಹಸಿರು ಮೊಗ್ಗಿನಂಥ ಆ ಗೊಂಚಲೊಳಗಿನ ಹಳದಿ ಪುಡಿ ಬಿಯರಿಗೆ ಕಹಿ ಮತ್ತು ಪರಿಮಳ ಕೊಡುತ್ತದೆ. ವಸಂತದ ಎಳೆಗುಡಿಯನ್ನು ಸೊಪ್ಪಿನಂತೆ ಬೇಯಿಸಿ ತಿನ್ನುವ ರೂಢಿಯೂ ಯೂರೋಪಿನಲ್ಲಿ ಉಂಟು, ಬಿಹಾರದ ಕತೆಗೆ ಬೀಜ ಸಿಕ್ಕಿದ್ದು ಅಲ್ಲಿಂದ. ಬೇಸಿಗೆಯಲ್ಲಿ ಈ ಬಳ್ಳಿ ಒಂದೇ ಹಂಗಾಮಿಗೆ ಇಪ್ಪತ್ತು ಅಡಿಗೂ ಮೇಲೆ ಹಗ್ಗ ಹತ್ತುತ್ತದೆ. ಅದಕ್ಕೆ ಬೇಕಾದದ್ದು ಎರಡು. ಒಂದು, ದೀರ್ಘ ಹಗಲು. ಇನ್ನೊಂದು, ಬೇರು ನಿದ್ದೆ ಹೋಗುವಷ್ಟು ಕೊರೆಯುವ ಚಳಿಗಾಲ.

ಮಧುಗಿರಿ ಇರುವುದು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ 21ರ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 55 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಕೆಂಟ್‌ನಲ್ಲಿ ಜೂನ್ ಹಗಲು ಹದಿನಾರು ಗಂಟೆ ದಾಟುತ್ತದೆ. ನಮ್ಮ ದೇಶದಲ್ಲಿ ಹಾಪ್ ಬೆಳೆದಿರುವ ಹಿಮಾಚಲದ ಲಾಹೌಲ್ ಕಣಿವೆಯಲ್ಲೂ ಹದಿನಾಲ್ಕು ಗಂಟೆ ಮೀರುತ್ತದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಗಲು ಗಿಡ್ಡವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಹಾಪ್ ಏರುವುದನ್ನು ನಿಲ್ಲಿಸಿ ಹೂ ಬಿಡಲು ಹೊರಡುತ್ತದೆ. ಮಧುಗಿರಿಯ ಹಗಲು ಅದರ ಲೆಕ್ಕದಲ್ಲಿ ವರ್ಷವಿಡೀ ಗಿಡ್ಡವೇ. ಹಾಗಾಗಿ ಬಳ್ಳಿ ಮೈ ತುಂಬಿಕೊಳ್ಳುವ ಮೊದಲೇ ನಾಲ್ಕು ಹೂ ಬಿಟ್ಟು ಸುಮ್ಮನಾದೀತು. ಕುಂಡದಲ್ಲಿಟ್ಟು ದೀಪ ಹಾಕಿ ಹಗಲು ಹಿಗ್ಗಿಸಿ, ಬೇರನ್ನು ತಣ್ಣಗಿಟ್ಟು ಬೆಳೆಸುವವರು ಬೆಳೆಸಲಿ. ಕರೆಂಟು ಬಿಲ್ಲು ಕಟ್ಟಿದ ಮೇಲೆ ಅದನ್ನು ಹಿತ್ತಲ ಬೆಳೆ ಎನ್ನುವುದು ಕಷ್ಟ.

ತಮಾಷೆಯೆಂದರೆ ಅವರೆಯೂ ಇದೇ ಜಾತಿಯ ಲೆಕ್ಕಿಗ. ಆಷಾಢ, ಶ್ರಾವಣದಲ್ಲಿ ಬಿತ್ತಿದ ಸೊಗಡವರೆ ಹಗಲು ಕುಗ್ಗುವವರೆಗೂ ಹೂವಿನ ಮಾತೆತ್ತುವುದಿಲ್ಲ. ಮಂಜು ಬಿದ್ದರೆ ಅವರೆ ಹೂ ಕಚ್ಚುತ್ತದೆ ಎಂದು ಹಿರಿಯರು ಹೇಳುವುದು ಕಣ್ಣಿಗೆ ಕಂಡ ಸತ್ಯ. ಆದರೆ ಗಿಡ ಎಣಿಸುವುದು ಮಂಜನ್ನಲ್ಲ, ರಾತ್ರಿಯ ಉದ್ದವನ್ನು. ಹಾಪ್‌ಗೂ ಅವರೆಗೂ ಇರುವುದು ಒಂದೇ ಬಗೆಯ ಗಡಿಯಾರ, ಮುಳ್ಳು ತಿರುಗಿಸಿಟ್ಟಿರುವುದು ಬೇರೆ ಬೇರೆ ಊರಿಗೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಈ ಗಡಿಯಾರವನ್ನೇ ಕಳಚಿಟ್ಟ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ವರ್ಷದ ಯಾವ ಕಾಲದಲ್ಲಾದರೂ ಅವರೆಕಾಯಿ ಸಿಗುವಂತಾಯಿತು. ಅನುಕೂಲವೇನೋ ಆಯಿತು. ಆದರೂ ಧನುರ್ಮಾಸದ ಹಿದುಕವರೆ ಸಾರಿನ ಸೊಗಡು ಬೇರೆಯೇ ಎನ್ನುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಹೊರನಾಡಿನ ಬಳ್ಳಿಗಳೆಲ್ಲ ಇಲ್ಲಿ ಸೋಲುತ್ತವೆ ಎಂದಲ್ಲ. ಈ ಮಾತಿಗೆ ಶಿರಾ ಕಡೆ ನೋಡಬೇಕು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹೋಗುವವರಿಗೆ ಶಿರಾ ಎಂದರೆ ಹೋಟೆಲು, ಪೆಟ್ರೋಲ್ ಬಂಕು. ಆದರೆ 1687ರಿಂದ ಏಳು ದಶಕ ಕಾಲ ಇದು ಮೊಗಲರ ಸುಬಾ ಒಂದರ ರಾಜಧಾನಿ. ದಿಲಾವರ್ ಖಾನನ ಅರಮನೆಯೂ ಖಾನ್ ಬಾಗ್ ಎಂಬ ಉದ್ಯಾನವೂ ಇಲ್ಲಿದ್ದವು. 1760ರಲ್ಲಿ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದಾಗ ಮಾದರಿಯಾಗಿದ್ದು ಶಿರಾದ ಈ ತೋಟವೇ ಎಂಬುದು ಪ್ರಸಿದ್ಧ ಮಾತು. ಶಿರಾದಲ್ಲಿ 1651ರ ಮಲಿಕ್ ರೆಹಾನ್ ಗೋರಿ ನಿಂತಿದೆ, 1696ರ ಜುಮ್ಮಾ ಮಸೀದಿ ನಿಂತಿದೆ. ತೋಟದ ವೈಭವ ಮಾತ್ರ ಹೋಯಿತು. ನೀರು ಹೋದರೆ ತೋಟ ಹೋಗುತ್ತದೆ, ಕಲ್ಲಿಗೆ ಆ ಕಷ್ಟವಿಲ್ಲ.

ಶಿರಾದಿಂದ ಹೋದ ತೋಟದ ಕಲ್ಪನೆಯ ಋಣವನ್ನು ಲಾಲ್‌ಬಾಗ್ ಇನ್ನೊಂದು ರೀತಿಯಲ್ಲಿ ತೀರಿಸಿತು ಎನ್ನಬೇಕು. ಹೊರದೇಶದ ಎಷ್ಟೋ ಗಿಡಗಳು ಅದರ ಮೂಲಕ ನಾಡಿಗೆ ಹಂಚಿಹೋದವು. ಸೀಮೆಬದನೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಕಾಲದಲ್ಲಿ ಎನ್ನುತ್ತಾರೆ. ತಮಿಳರು ಇವತ್ತಿಗೂ ಅದನ್ನು ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುವುದು. ಅದರ ತವರು ಮೆಕ್ಸಿಕೊ ಕಡೆಯ ನಾಡು. ನಮ್ಮಂತೆಯೇ ಸಮಭಾಜಕಕ್ಕೆ ಹತ್ತಿರ, ಹಗಲೂ ನಮ್ಮ ಹಗಲಿನಂಥದೇ. ಆದ್ದರಿಂದಲೇ ಅದು ಇಲ್ಲಿ ಪರಕೀಯವಾಗಲಿಲ್ಲ. ಸಿಹಿಗುಂಬಳ, ಹುರುಳಿಕಾಯಿಗಳ ತವರೂ ಅಮೆರಿಕ ಖಂಡವೇ. ಸೀಮೆಬದನೆಯ ಬೀಜ ಕಾಯಿಯೊಳಗೇ ಮೊಳೆಯುವುದರಿಂದ ಇಡೀ ಕಾಯನ್ನೇ ಓರೆಯಾಗಿ ಹೂಳಬೇಕು. ಒಂದೇ ಕೊರತೆ, ಅದಕ್ಕೆ ನೀರು ಹೆಚ್ಚು ಬೇಕು. ಶಿರಾದ ಒಣ ಹಿತ್ತಲಿಗಿಂತ ಕೊರಟಗೆರೆಯ ತೋಟದ ತಂಪು ಅದಕ್ಕೆ ಹಿತ.

ಕೊರಟಗೆರೆ ನಾಲ್ಕರಲ್ಲಿ ಸ್ವಲ್ಪ ಅದೃಷ್ಟವಂತ ತಾಲ್ಲೂಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಕಡೆ ಹರಿಯುತ್ತದೆ, ಊರ ಬಳಿ ಸುವರ್ಣಮುಖಿ. ಮಳೆ ಬಿದ್ದಾಗ ಹರಿಯುವ ಹೊಳೆಗಳು ನಿಜ, ಆದರೂ ಅಡಿಕೆ, ತೆಂಗಿನ ಸಾಲು ಕಾಣುತ್ತದೆ. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ ಇರುವುದೂ ಇಲ್ಲೇ. ಈ ಭಾಗದ ಹಿತ್ತಲಿನಲ್ಲಿ ನೋಡಬೇಕಾದದ್ದು ತೊಂಡೆ.

ಹಾಪ್ ಬಳ್ಳಿಯಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಬೆಳೆಗಾರರು ಹೆಣ್ಣು ಬಳ್ಳಿಯ ಬೇರಿನ ತುಂಡನ್ನೇ ನೆಡುತ್ತಾರೆ, ಗಂಡನ್ನು ತೋಟದ ಹತ್ತಿರ ಸುಳಿಯಗೊಡುವುದಿಲ್ಲ. ತೊಂಡೆಯೂ ಹಾಗೆಯೇ. ಎರಡರಲ್ಲೂ ಐದು ಎಸಳಿನ ಬಿಳಿ ಹೂವೇ ಆದರೂ ಹೆಣ್ಣು ಹೂವಿನ ಕೆಳಗೆ ಹೂ ಅರಳುವ ಮೊದಲೇ ಒಂದು ಪುಟ್ಟ ತೊಂಡೆಕಾಯಿ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಬೀಜದಿಂದ ಎದ್ದ ಗಿಡ ಗಂಡೋ ಹೆಣ್ಣೋ ಎಂಬುದು ಹೂ ಬಿಡುವ ತನಕ ತಿಳಿಯದು. ಅದಕ್ಕೇ ನಮ್ಮ ಹೆಂಗಸರು ಬೀಜದ ಗೊಡವೆಗೇ ಹೋಗಲಿಲ್ಲ. ಚೆನ್ನಾಗಿ ಕಾಯಿ ಬಿಡುವ ನೆರೆಮನೆಯ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ನಾಲ್ಕೈದು ಗಿಣ್ಣಿರುವ ಒಂದು ಅಡಿಯ ತುಂಡು ಬೇಡಿ ತಂದು, ಗೊಬ್ಬರ ಮತ್ತು ಒಲೆಬೂದಿ ತುಂಬಿದ ಗುಂಡಿಯಲ್ಲಿ ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಮುಂಗಾರಿನಲ್ಲಿ ನೆಟ್ಟರು. ಹೀಗೆ ಕೈಯಿಂದ ಕೈಗೆ ಹೋಗುವುದರಿಂದ ಒಂದು ಬೀದಿಯ ತೊಂಡೆಬಳ್ಳಿಗಳೆಲ್ಲ ಒಬ್ಬಳೇ ತಾಯಿಯ ತುಂಡುಗಳಾಗಿರುವುದು ಉಂಟು. ವೀಳ್ಯದೆಲೆಯ ಬಳ್ಳಿ ಹಬ್ಬಿಸುವುದೂ ತುಂಡಿನಿಂದಲೇ.

ಬೇಲಿಯ ಮೇಲಿನ ಕಾಡುತೊಂಡೆ ಕಹಿ. ಅದರ ಕೆಂಪು ಹಣ್ಣನ್ನು ಹಕ್ಕಿಗಳಿಗೆ ಬಿಟ್ಟುಬಿಡುವುದು ಒಳ್ಳೆಯದು. ಆ ಹಣ್ಣೇ ಕಾವ್ಯಗಳ ‘ಬಿಂಬ’. ನಾಯಕಿಯರ ತುಟಿಗೆ ಹೋಲಿಸುವುದು ಇದನ್ನೇ. ತೊಂಡೆಕಾಯಿ ತಿಂದರೆ ಬುದ್ಧಿ ಮಂದವಾಗುತ್ತದೆ ಎಂದು ಪರೀಕ್ಷೆಯ ದಿನಗಳಲ್ಲಿ ಪಲ್ಯ ತಟ್ಟೆಗೆ ಹಾಕದ ತಾಯಂದಿರು ಇನ್ನೂ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಪಲ್ಯ ಬಿಟ್ಟವರೆಲ್ಲ ರ‍್ಯಾಂಕ್ ಬಂದಿದ್ದರೆ ಮಾತು ಬೇರೆ.

ಪಾವಗಡ ತಲುಪುವ ಹೊತ್ತಿಗೆ ಮಣ್ಣು, ಮಾತು ಎರಡೂ ಬದಲಾಗುತ್ತವೆ. ಬಹುಪಾಲು ಸುತ್ತ ಆಂಧ್ರದ ಗಡಿ; ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬಂದೀತು. ಬಿಸಿಲು ಇಲ್ಲಿ ಬೆಳೆಯೇ ಆಗಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಆರಂಭವಾಗಿ 2019ರ ಕೊನೆಗೆ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಜಮೀನುಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಮಳೆಯ ದಾರಿ ಕಾಯುವ ಕಷ್ಟ ಅವರಿಗೆ ತಪ್ಪಿತು. ಜಮೀನಿಲ್ಲದೆ ಇನ್ನೊಬ್ಬರ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದವರಿಗೆ ಸೌರಫಲಕ ಕೂಲಿ ಕೊಡುವುದಿಲ್ಲ. ಅಂಥ ಮನೆಗೆ ಹಿತ್ತಲ ಚಪ್ಪರ ಹವ್ಯಾಸವಲ್ಲ, ಸಂತೆಯ ಅರ್ಧ ಖರ್ಚು.

ನೀರಿನ ಸಂಕಟ ಇನ್ನೊಂದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮಧುಗಿರಿ, ಶಿರಾಗಳ ಎಷ್ಟೋ ಊರುಗಳದ್ದೂ ಅದೇ ಪಾಡು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂಬ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಶುದ್ಧ ನೀರೇ ಇದಕ್ಕೆ ಪರಿಹಾರ, ಯಾವ ತರಕಾರಿಯೂ ಔಷಧವಲ್ಲ. ಆದರೆ ಸುಣ್ಣದಂಶ ಮತ್ತು ಸಿ ಜೀವಸತ್ವ ಇರುವ ಊಟ ತೊಂದರೆಯನ್ನು ತಗ್ಗಿಸಲು ನೆರವಾಗುತ್ತದೆಂದು ವೈದ್ಯರು ಹೇಳುತ್ತಾರೆ. ಹಿತ್ತಲಲ್ಲಿ ಒಂದು ನುಗ್ಗೆಮರ, ಅದರ ಪಕ್ಕ ಚಪ್ಪರ ಎಂಬ ಹಳೆಯ ಜೋಡಿಗೆ ಇಲ್ಲಿ ಬೇರೆ ಕಡೆಗಿಂತ ಬೆಲೆ ಹೆಚ್ಚು.

ಈ ಚಪ್ಪರ ಈಗ ಕಡಿಮೆಯಾಗುತ್ತಿದೆ. ಮನೆ ತಾರಸಿಯಾಯಿತು, ಹಿತ್ತಲಿಗೆ ಸಿಮೆಂಟು ಬಿತ್ತು, ಬಚ್ಚಲ ನೀರು ಪೈಪಿನಲ್ಲಿ ಚರಂಡಿ ಸೇರಿತು. ಉದ್ಯೋಗ ಖಾತರಿ ಯೋಜನೆಯಲ್ಲಿ ಬಚ್ಚಲುಗುಂಡಿ ತೋಡಿಸಿಕೊಂಡ ಮನೆಗಳವರು ಗುಂಡಿಯ ಅಂಚಿಗೆ ಒಂದು ಬಾಳೆ, ಒಂದು ಬಳ್ಳಿ ನೆಟ್ಟಿದ್ದರೆ ಸರಿ. ಇಲ್ಲದಿದ್ದರೆ ದಿನಕ್ಕೆ ಹತ್ತು ಕೊಡ ನೀರು ಸುಮ್ಮನೆ ಇಂಗುತ್ತದೆ. ಸೋಪಿನ ನೀರನ್ನು ನೇರ ಬುಡಕ್ಕೆ ಸುರಿಯದೆ, ಜಲ್ಲಿ, ಮರಳಿನ ಮೂಲಕ ಹಾಯಿಸಿ ಬಿಡಬೇಕು. ಚಪ್ಪರದ ಕಾಯಿ ನೀರಿಗೆ ತಗಲದೆ ಮೇಲೆ ತೂಗುವುದರಿಂದ ಈ ನೀರಿಗೆ ಅದೇ ಲೇಸು. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಇದು ಬೇಡ.

ನೀರೇ ಇಲ್ಲದ ಹಿತ್ತಲಿಗೂ ಒಂದು ಬಳ್ಳಿಯಿದೆ. ಅದು ಮಡಹಾಗಲ, ತೆಲುಗಿನ ಆಗಾಕರ. ಮೈತುಂಬ ಮೆತ್ತನೆಯ ಮುಳ್ಳಿನ ಪುಟ್ಟ ಹಸಿರು ಕಾಯಿ, ಹೆಸರಿನಲ್ಲಿ ಹಾಗಲವಿದ್ದರೂ ಕಹಿಯಿಲ್ಲ. ಇದರ ಒಣನಾಡಿನ ತಂಗಿ ಕರ್ಚಿಕಾಯಿ ಅನಂತಪುರ, ಬಳ್ಳಾರಿ ಸೀಮೆಯ ಸಂತೆಗೆ ಮಳೆಗಾಲದಲ್ಲಿ ಬರುತ್ತದೆ. ಹಬ್ಬಕ್ಕೆ ಎಣ್ಣೆಯಲ್ಲಿ ಕರಿಯುವ ಸಿಹಿ ಕರ್ಜಿಕಾಯಿಯೆಂದು ತಿಳಿದು ಮಕ್ಕಳು ಮೋಸ ಹೋಗಬಾರದು! ಹಾಪ್ ಬಳ್ಳಿಗೆ ನಮ್ಮಲ್ಲಿ ನಿಜವಾದ ಜೋಡಿ ಹುಡುಕುವುದಾದರೆ ಮಡಹಾಗಲವೇ. ಗಂಡು ಬೇರೆ, ಹೆಣ್ಣು ಬೇರೆ. ವರ್ಷಕ್ಕೊಮ್ಮೆ ಬಳ್ಳಿ ಪೂರ್ತಿ ಒಣಗಿ, ನೆಲದೊಳಗಿನದು ಮಾತ್ರ ಬದುಕಿ, ಮತ್ತೆ ಚಿಗುರುತ್ತದೆ. ಹಾಪ್ ಹಿಮಕ್ಕೆ ಹೆದರಿ ಮಲಗಿದರೆ ಇದು ಬರಕ್ಕೆ ಹೆದರಿ ಮಲಗುತ್ತದೆ. ಚಳಿಗಾಲದ ಆರಂಭದಲ್ಲಿ ಕಣ್ಣು ಮುಚ್ಚಿದ ಗೆಡ್ಡೆ ಮೇ ಕೊನೆಯ ಮಳೆಗೆ ಏಳುತ್ತದೆ.

ಬೆಟ್ಟದ ಬುಡದಲ್ಲಿ, ಬೇಲಿಯಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ಬಳ್ಳಿಗೆ ಈಗ ಪೇಟೆಯಲ್ಲಿ ಒಳ್ಳೆಯ ಬೆಲೆ. ಲಕ್ಷ ರೂಪಾಯಿಯಲ್ಲ, ನಿಜ. ಆದರೆ ಬೆಲೆ ಬಂತೆಂದು ಗೆಡ್ಡೆಯನ್ನೇ ಅಗೆದು ಒಯ್ಯುವವರೂ ಬಂದಿದ್ದಾರೆ. ಗೆಡ್ಡೆ ಹೋದರೆ ಆ ಜಾಗದಲ್ಲಿ ಮುಂದಿನ ವರ್ಷ ಏನೂ ಏಳುವುದಿಲ್ಲ. ಹಿತ್ತಲಿಗೆ ತರುವವರು ಕಾಡಿನ ಗೆಡ್ಡೆ ಕೀಳದೆ, ಬೆಳೆಸಿದವರ ಮನೆಯಿಂದ ಕೇಳಿ ತರುವುದು ಮೇಲು. ಕೇಳುವಾಗಲೇ ಹೆಣ್ಣೋ ಗಂಡೋ ಎಂದು ಖಚಿತ ಮಾಡಿಕೊಳ್ಳಬೇಕು. ಎಂಟು ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ಮೇ ತಿಂಗಳಲ್ಲಿ ಗೇಣುದ್ದ ಅಗೆದು, ಗೊಬ್ಬರ ಹಾಕಿ ಹೂತು, ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಗುರುತಿಟ್ಟರೆ ಆಯಿತು. ಬಳ್ಳಿ ಒಣಗಿದ ಮೇಲೆ ಪಾಪ ಎಂದು ನೀರು ಹೊಯ್ಯಬಾರದು. ಮಲಗಿದ ಗೆಡ್ಡೆ ಕೊಳೆಯುತ್ತದೆ.

ಇದರ ಹಳದಿ ಹೂ ಅರಳುವುದು ಹೊತ್ತು ಮುಳುಗಿದ ಮೇಲೆ. ಪರಾಗ ಸಾಗಿಸುವುದು ಜೇನಲ್ಲ, ರಾತ್ರಿಯ ಪತಂಗ. ಊರ ತುಂಬ ಬೀದಿದೀಪ ಬಂದು ಪತಂಗಗಳೆಲ್ಲ ಅತ್ತ ಹೋಗಿ ಕಾಯಿ ಕಚ್ಚದಿದ್ದರೆ, ಓದಿಗೆ ಕೂರುವ ಮುನ್ನ ಮಕ್ಕಳೇ ಒಂದು ಗಂಡು ಹೂವನ್ನು ಕಿತ್ತು, ಕೆಳಗೆ ಪುಟ್ಟ ಮುಳ್ಳುಕಾಯಿ ಹೊತ್ತ ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಸವರಬಹುದು. ಎರಡು ವಾರದೊಳಗೆ ಕಾಯಿ ಸಾರಿಗೆ ಬರುತ್ತದೆ. ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು.